ಮಾವ ಡಬಲ್ ಹೇಳಿದ ಮಳೆಗಾಲ

ಹೋದ ತಿಂಗಳು ಒಂದು ಮದುವೆಗೆಂದು ಡೊಂಬಿವಲಿಯಲ್ಲಿ ಇಳಿದೆ. ಐರೋಲಿಗೆ ಮನೆ ಬದಲಿಸಿದ ಮೇಲೆ ಆ ಕಡೆ ಹೋಗುವುದೇ ಅಪರೂಪವಾಗಿತ್ತು. ಮೊದಲ ಮಳೆ ಆಗಷ್ಟೇ ಬಿದ್ದು ನಿಂತಿತ್ತು. ಪ್ಲಾಟ್‌ಫಾರ್ಮಿಗೆ ಕಾಲಿಟ್ಟದ್ದೇ ತಡ, ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಆ ವಾಸನೆ ಬಂತು. ಕೊಳೆತ ಮೊಟ್ಟೆ, ಸುಟ್ಟ ರಬ್ಬರು, ಒದ್ದೆ ಮಣ್ಣು ಮೂರೂ ಕಲಸಿದ ವಾಸನೆ. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಓವರ್‌ಬ್ರಿಜ್ಜಿನ ಮೆಟ್ಟಿಲ ಹತ್ತಿರ ನಿಂತು ಎದೆ ತುಂಬ ಎಳೆದುಕೊಂಡೆ. ಹೇಳಿದರೆ ನಗುತ್ತೀರಿ, ನನ್ನ ಮಟ್ಟಿಗೆ ಅದು ಗೆಲುವಿನ ವಾಸನೆ.

ಎರಡು ಸಾವಿರದ ಏಳರ ಮಳೆಗಾಲದ ಮಾತು. ಆಗ ನಾವು ಡೊಂಬಿವಲಿ ಪೂರ್ವದಲ್ಲಿದ್ದೆವು. ಒಂದು ಹಳೇ ಸೊಸೈಟಿಯ ಮೂರನೇ ಮಾಳಿಗೆ. ನಾನು, ಗಂಡ, ಮಗಳು, ಅತ್ತೆ, ಮಾವ. ನನಗೆ ರಬಾಳೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಬೆಳಿಗ್ಗೆ ಠಾಣೆಯವರೆಗೆ ನಿಂತು, ಅಲ್ಲಿ ಗಾಡಿ ಬದಲಿಸಿ ರಬಾಳೆಗೆ. ಮಾವ ಉಡುಪಿಯವರು, ಸರಕಾರಿ ಆಫೀಸಿನಿಂದ ರಿಟೈರಾಗಿ ಎಷ್ಟೋ ವರ್ಷ ಆಗಿತ್ತು. ಊರವರಿಗೆಲ್ಲ ಅವರು ರಾಯರು. ಪೇಪರು, ಪೂಜೆ, ಭಾನುವಾರದ ಬ್ರಿಜ್, ಇಷ್ಟೇ ಅವರ ಲೋಕ.

ಬ್ರಿಜ್ ಅಂದರೆ ಇಸ್ಪೀಟೆಲೆಯ ಆಟ; ಇಸ್ಪೀಟು, ಆಟಿನ್, ಡೈಮಂಡು, ಕಳಾವರ್ ಅಂತ ಎಲೆಗೆ ನಾಲ್ಕು ಬಣ್ಣ. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ಆಡುವ ಮೊದಲು ಹರಾಜು ನಡೆಯುತ್ತದೆ. ನಾವು ಇಷ್ಟು ಕೈ ಗೆಲ್ಲುತ್ತೇವೆ ಅಂತ ಒಬ್ಬರು ಕೂಗಿದರೆ ಇನ್ನೊಬ್ಬರು ಅದರ ಮೇಲೆ ಕೂಗಬೇಕು. ಕೂಗಿದ ಬಣ್ಣವೇ ತುರುಪು, ಕೂಗಿದ ಸಂಖ್ಯೆಗೆ ಆರು ಕೂಡಿಸಿದಷ್ಟು ಕೈ ಗೆಲ್ಲಬೇಕು, ನಾಲ್ಕು ಅಂದರೆ ಹತ್ತು. ಕೂಗಿದಷ್ಟು ಗೆದ್ದರೆ ಪಾಯಿಂಟು, ಕಮ್ಮಿ ಬಿದ್ದರೆ ದಂಡ. ಎದುರಿನವರು ಮಿತಿ ಮೀರಿ ಕೂಗಿದ್ದಾರೆ ಅಂತ ಕಂಡರೆ ನೀವು 'ಡಬಲ್' ಅನ್ನಬಹುದು. ಆಗ ಅವರ ದಂಡ ಎರಡು ಪಾಲು, ಮೂರು ಪಾಲು ಏರುತ್ತದೆ. ಅಕಸ್ಮಾತ್ ಅವರು ಹೇಳಿದಷ್ಟು ಮಾಡಿಬಿಟ್ಟರೆ ಲಾಭವೂ ಏರುತ್ತದೆ. ಡಬಲ್ ಅಂದರೆ ನಿನ್ನ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಮುಖದ ಮೇಲೆ ಹೇಳಿದ ಹಾಗೆ. ನಮ್ಮವರಿಗೆ ಕಷ್ಟವಾಗುತ್ತಿದ್ದದ್ದು ಅದೇ.

ನಮ್ಮ ಕನ್ನಡ ಸಂಘಕ್ಕೆ ಸ್ಟೇಷನ್ ಹತ್ತಿರ ಮೊದಲ ಮಾಳಿಗೆಯಲ್ಲಿ ಒಂದು ಹಾಲ್ ಇತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ನಾಲ್ಕೈದು ಟೇಬಲ್ ಬ್ರಿಜ್. ಮಳೆಗಾಲ ಪೂರ್ತಿ ಆಡಿ, ಕೊನೆಗೆ ಮೇಲೆ ಬಂದ ಎರಡು ಜೋಡಿ ವಾಶಿಯಲ್ಲಿ ಬೇರೆ ಸಂಘಗಳ ಎದುರು ಆಡುವುದು ವಾಡಿಕೆ. ಮಾವ ಎಷ್ಟೋ ವರ್ಷದಿಂದ ಆ ತಂಡದಲ್ಲಿದ್ದವರು. ಆ ವರ್ಷ ಅವರ ಜೋಡಿಯಾಗಿದ್ದವರು ಮಗಳ ಮನೆಗೆಂದು ಪುಣೆಗೆ ಹೋಗಿಬಿಟ್ಟರು. ಸಂಘದವರು ಸಲೀಸಾಗಿ, "ರಾಯರೇ, ಈ ಸಲ ನೀವು ಸ್ಕೋರ್ ಬರೆಯಿರಿ, ಆರಾಮ" ಅಂದರಂತೆ. ಮಾವ ಮನೆಗೆ ಬಂದು ಚಪ್ಪಲಿ ಬಿಚ್ಚಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು ಏಳಲೇ ಇಲ್ಲ. ಅತ್ತೆ ಚಾ ಇಟ್ಟದ್ದು ಆರಿಹೋಯಿತು.

ನನಗೆ ಮೈಯೆಲ್ಲ ಉರಿಯಿತು. ನನ್ನ ಸ್ವಭಾವವೇ ಹಾಗೆ, ಮೂಗಿನ ತುದಿಯಲ್ಲೇ ಸಿಟ್ಟು. ಮದುವೆಯಾಗಿ ಬಂದಾಗಿನಿಂದ ಮಾವನ ಹಿಂದೆ ಕೂತು ಆಟ ನೋಡಿ ಕಲಿತವಳು, ಮಳೆ ಜೋರಾಗಿದ್ದ ದಿನ ಮನೆಯಲ್ಲಿ ಅವರೊಡನೆ ಆಡಿದ್ದವಳು. "ನಾನು ಕೂತುಕೊಳ್ತೇನೆ ನಿಮ್ಮ ಎದುರು" ಅಂದೆ. ಮಾವ ತಿರುಗಿ ನೋಡಿದರು. "ಅಲ್ಲಿ ಹೆಂಗಸರು ಆಡುವುದಿಲ್ಲ ವೀಣಾ." "ಆಡಬಾರದು ಅಂತ ಎಲ್ಲಿ ಬರೆದುಂಟು?" ಅಂದೆ. ಬರೆದಿರಲಿಲ್ಲ. ನಮ್ಮ ಹೆಂಗಸರು ಅಲ್ಲಿಯವರೆಗೆ ಆ ಹಾಲಿಗೆ ಹೋಗುತ್ತಿದ್ದದ್ದು ಹಳದಿ ಕುಂಕುಮಕ್ಕೆ ಮಾತ್ರ.

ಮುಂದಿನ ಭಾನುವಾರ ನಾನು ಹೋಗಿ ಮಾವನ ಎದುರಿನ ಕುರ್ಚಿ ಎಳೆದು ಕೂತಾಗ ಎಲೆ ಕಲಸುತ್ತಿದ್ದ ಕೈಗಳೆಲ್ಲ ನಿಂತವು. ಮೊದಲು ಮಾತಾಡಿದವರು ಭುಜಂಗಣ್ಣ. ಕಲ್ಯಾಣದಲ್ಲಿ ಹೋಟೆಲು, ಅರುವತ್ತರ ಪ್ರಾಯ, ಬೆರಳಿಗೊಂದು ಉಂಗುರ, ಸ್ವರ ಮಾತ್ರ ಸ್ಟೇಷನ್ನಿನ ಸ್ಪೀಕರಿನದ್ದು. "ವೀಣಕ್ಕ, ಇದು ರಮ್ಮಿ ಅಲ್ಲ ಮಾರಾಯ್ತಿ" ಅಂದರು. ಎಲ್ಲರೂ ನಕ್ಕರು. ಅವರ ಜೋಡಿ ಕುಲಕರ್ಣಿ ಮಾಸ್ತರು, ವಿಜಾಪುರ ಕಡೆಯವರು, ಅವರೊಬ್ಬರೇ, "ಆಡ್ಲಿ ಬಿಡ್ರಿ, ಎಲೀಗೇನು ಗಂಡು ಹೆಣ್ಣು ಗೊತ್ತಾಗ್ತದೇನು" ಅಂದರು. ಕೊನೆಗೆ ಒಂದು ತೀರ್ಮಾನವಾಯಿತು. ಈ ಮಳೆಗಾಲ ಆಡಿ ನೋಡಲಿ. ಮೊದಲೆರಡು ಜೋಡಿಯಲ್ಲಿ ಬಂದರೆ ವಾಶಿಗೆ. ಬರದಿದ್ದರೆ ರಾಯರು ಸ್ಕೋರ್ ಬರೆಯುವುದು, ನಾನು ಮನೆಗೆ.

ಭುಜಂಗಣ್ಣನ ಆಟ ಹೇಗೆ ಅಂತ ಹೇಳಬೇಕು. ಅವರಿಗೆ ಕೈಯಲ್ಲಿ ಎಲೆ ಇರಬೇಕು ಅಂತಿರಲಿಲ್ಲ. ನಾವು ನಾಲ್ಕು ಇಸ್ಪೀಟು ಕೂಗಿ ಆಟ ನಮ್ಮದಾಗುತ್ತದೆ ಅನ್ನುವಾಗ, ಅವರು ಕಣ್ಣು ಮುಚ್ಚಿ ಐದು ಡೈಮಂಡು ಕೂಗುವುದು. ಬಿದ್ದರೆ ಚಿಲ್ಲರೆ ದಂಡ. "ಹೋದರೆ ಹೋಗಲಿ, ನಿಮ್ಮ ಆಟ ತಪ್ಪಿಸಿದೆನಲ್ಲ" ಅಂತ ಹೊಟ್ಟೆ ಕುಣಿಸಿ ನಗುವುದು. ಅದಕ್ಕೆ ಹೆದರಿ ನಾವೇ ಇನ್ನೊಂದು ಮೆಟ್ಟಿಲು ಹತ್ತಿ ಐದು ಇಸ್ಪೀಟು ಕೂಗಿದರೆ, ಅದು ಆಗದೆ ನಾವೇ ಬೀಳುವುದು. ಇದಕ್ಕೆ ಔಷಧ ಒಂದೇ, ಡಬಲ್. ಆ ಹಾಲಿನಲ್ಲಿ ಅವರಿಗೆ ಡಬಲ್ ಹೇಳುವ ಗಂಡಸು ಒಬ್ಬನೂ ಇರಲಿಲ್ಲ. ಯಾಕೆ ಗೊತ್ತುಂಟಾ? ಪ್ರತಿ ಭಾನುವಾರ ಅವರ ಹೋಟೆಲಿನಿಂದ ಒಂದು ದೊಡ್ಡ ಡಬ್ಬ ಗೋಳಿಬಜೆ, ಕಾಯಿ ಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ ಬರುತ್ತಿತ್ತು. ಬಾಯಲ್ಲಿ ಅವರ ಗೋಳಿಬಜೆ ಇಟ್ಟುಕೊಂಡು ಅವರಿಗೇ ಡಬಲ್ ಹೇಳುವುದು ಹೇಗೆ ಅಂತ ಎಲ್ಲರಿಗೂ ದಾಕ್ಷಿಣ್ಯ.

ನನಗೆ ಎಂತ ದಾಕ್ಷಿಣ್ಯ? ಡೊಂಬಿವಲಿಯ ಬೆಳಗಿನ ಲೋಕಲ್‌ಗೆ ದಾಕ್ಷಿಣ್ಯದವರು ಹತ್ತಿದ್ದನ್ನು ನಾನಂತೂ ನೋಡಿಲ್ಲ. ಎರಡನೇ ಭಾನುವಾರವೇ ಭುಜಂಗಣ್ಣ ನಾಲ್ಕು ಆಟಿನ್ ಕೂಗಿ, ನನ್ನ ಕಡೆ ನೋಡಿ, "ಅಕ್ಕಾ, ಹೆದರಿಕೆ ಆಯ್ತಾ?" ಅಂದರು. ನನ್ನ ಬಾಯಿಂದ ಡಬಲ್ ಅಂತ ಬಂದೇ ಬಂತು. ಹಾಲಿನಲ್ಲಿ ಕುರ್ಚಿಗಳು ತಿರುಗಿದವು. ಭುಜಂಗಣ್ಣ ಎಲೆ ಒಂದೊಂದೇ ಇಟ್ಟು, ತುರುಪಿನ ರಾಣಿ ನನ್ನ ಹತ್ತಿರವೇ ಉಂಟು ಅಂತ ಗೊತ್ತಿದ್ದವರ ಹಾಗೆ ಅದನ್ನು ಹಿಡಿದು, ಹತ್ತಕ್ಕೆ ಹತ್ತೂ ಕೈ ಮಾಡಿಬಿಟ್ಟರು. ಡಬಲ್ ಆಗಿದ್ದರಿಂದ ಪಾಯಿಂಟು ಸುರಿಮಳೆ. "ಥ್ಯಾಂಕ್ಸ್ ಅಕ್ಕಾ" ಅಂತ ನನ್ನ ತಟ್ಟೆಗೆ ಇನ್ನೆರಡು ಗೋಳಿಬಜೆ ಹಾಕಿದರು. ಅವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಕೊಡೆ ಹಿಡಿದು ಮನೆಗೆ ನಡೆಯುವಾಗ ಮಾವ ಬೈಯಲಿಲ್ಲ. ನೀರು ನಿಂತ ಗುಂಡಿಗಳನ್ನು ದಾಟುತ್ತ ನಿಧಾನವಾಗಿ ಹೇಳಿದರು: "ನೀನು ಡಬಲ್ ಹೇಳಿದ್ದು ಎಲೆ ನೋಡಿ ಅಲ್ಲ, ಅವರ ಮುಖ ನೋಡಿ. ಮೇಲಿಂದ, ಎಲ್ಲಿ ಏನುಂಟು ಅಂತ ಅವರಿಗೆ ನೀನೇ ತೋರಿಸಿಕೊಟ್ಟೆ. ಡಬಲ್ ಅಂದ ಕೂಡಲೇ ಅವರಿಗೆ ಗೊತ್ತಾಯಿತು, ರಾಣಿ ನಿನ್ನ ಹತ್ತಿರ ಅಂತ." ನಾನು ಹನಿಗಣ್ಣಾದೆ, ಮಳೆ ಅಂತ ಬಚಾವ್. "ಮತ್ತೆ ನಾನೇನು ಮಾಡಬೇಕಿತ್ತು?" ಅಂದೆ. "ಎಣಿಸಬೇಕಿತ್ತು. ನಮ್ಮಿಬ್ಬರಿಗೆ ಸೇರಿ ಎಷ್ಟು ಕೈ ಬರುತ್ತದೆ ಅಂತ. ನಿನಗೆ ಕಾಣದಿದ್ದರೆ ಪಾಸ್ ಹೇಳು. ನನಗೆ ಕಂಡರೆ ನಾನು ಹೇಳ್ತೇನೆ."

ಅಲ್ಲೇ ನಾನು ಗುಂಡಿಯ ನಡುವೆ ನಿಂತೆ. "ನೀವು ಹೇಳ್ತೀರಾ ಮಾವ? ಇಷ್ಟು ವರ್ಷ ಭುಜಂಗಣ್ಣನಿಗೆ ಒಂದು ಸಲವಾದರೂ ಹೇಳಿದ್ದುಂಟಾ?" ಮಾವ ಕೊಡೆ ಬಗ್ಗಿಸಿಕೊಂಡು ಮುಂದೆ ನಡೆದರು.

ಉತ್ತರ ಕೊಟ್ಟವರು ಅತ್ತೆ. ಆ ವರ್ಷ ನಮ್ಮಲ್ಲಿ ಲೋಡ್ ಶೆಡ್ಡಿಂಗಿನ ಕಾಟ, ಸಂಜೆಯಾದರೆ ಕರೆಂಟು ಢಮಾರ್. ಮೇಣದ ಬತ್ತಿ ಹಚ್ಚಿ ನೆನೆಸಿದ ಅವರೆಕಾಳು ಸುಲಿಯುತ್ತ ಅತ್ತೆ ಕತೆ ಬಿಚ್ಚಿದರು. ಮಾವ ಊರಿನಿಂದ ಒಂದು ಟ್ರಂಕು ಹಿಡಿದು ಕಲ್ಯಾಣಕ್ಕೆ ಬಂದಾಗ ಮೀಸೆ ಆಗಷ್ಟೇ ಮೂಡಿತ್ತಂತೆ. ಭುಜಂಗಣ್ಣನ ಅಪ್ಪ ತಮ್ಮ ಹೋಟೆಲಿನ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟು, ಕೆಲಸ ಸಿಗುವವರೆಗೆ ಎರಡು ಹೊತ್ತು ಊಟ ಹಾಕಿದರಂತೆ. ಆಗ ಭುಜಂಗಣ್ಣ ಚಡ್ಡಿ ಹಾಕಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಬಿಸ್ಕತ್ತು ತಿನ್ನುವ ಪೋರ. ಮನೆಯ ಮಗ ಅಂತ ಎಲ್ಲರೂ ಅವನನ್ನು 'ಧಣಿ' ಅನ್ನುತ್ತಿದ್ದರು, ಮಾವನೂ ಅಂದರು. ಆಮೇಲೆ ಮಾವ ಆಫೀಸರಾದರು, ಪೋರ ಮುದುಕನಾದ, ಆದರೂ ಬಾಯಿಗೆ ಬಂದದ್ದು ಬದಲಾಗಲಿಲ್ಲ. ನಾನೂ ಕೇಳಿದ್ದೆ. ಎಪ್ಪತ್ತರ ಮಾವ ತನಗಿಂತ ಹತ್ತು ವರ್ಷ ಚಿಕ್ಕವರಿಗೆ, "ಏನು ಧಣಿ, ಸೌಖ್ಯವಾ?" ಅನ್ನುವುದು. ತಮಾಷೆಗೆ ಅಂದುಕೊಂಡಿದ್ದೆ.

"ಉಪ್ಪು ತಿಂದ ಮನೆ" ಅಂತ ಮಾವ ಕತ್ತಲಿನಿಂದಲೇ ಹೇಳಿದರು.

"ಅದಕ್ಕೆ ಇಷ್ಟು ವರ್ಷ ಸೋತು ಕೊಟ್ಟದ್ದು ಸಾಲದಾ?" ಅತ್ತೆ ಸಿಪ್ಪೆಯನ್ನು ಮೊರಕ್ಕೆ ಎಸೆದರು. "ಊಟ ಹಾಕಿದ್ದು ಆ ಪುಣ್ಯಾತ್ಮ, ಅವರ ತಿಥಿಗೆ ನೀವು ವರ್ಷವೂ ಹೋಗ್ತೀರಿ, ಅದು ಸರಿ. ಎಲೆಯಾಟಕ್ಕೆ ಎಂತ ಋಣ? ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗ ಇಲ್ಲ ಅಂತಾರೆ. ನಿಮ್ಮ ಕತೆ ಅದೇ. ಇನ್ನು ಸ್ಕೋರ್ ಬರೆಯಿರಿ." ನನಗೆ ನಗು ತಡೆಯಲಾಗಲಿಲ್ಲ. ಕತ್ತಲಲ್ಲಿ ಮಾವನೂ ನಕ್ಕರೋ ಏನೋ, ಕೆಮ್ಮಿದ ಹಾಗೆ ಕೇಳಿಸಿತು.

ಆಮೇಲಿನ ಭಾನುವಾರಗಳಲ್ಲಿ ನಾನು ನಾಲಿಗೆ ಕಚ್ಚಿ ಹಿಡಿಯುವುದನ್ನು ಕಲಿತೆ. ಠಾಣೆಯವರೆಗೆ ನಿಂತು ಹೋಗುವಾಗ, ಕಂಕುಳ ಕೆಳಗೆ ಯಾರದ್ದೋ ಟಿಫಿನ್ ಒತ್ತುತ್ತಿದ್ದಾಗ, ಹಿಂದಿನ ವಾರದ ಎಲೆಗಳನ್ನು ತಲೆಯಲ್ಲೇ ಹಂಚಿ ಎಣಿಸುತ್ತಿದ್ದೆ. ಮುಂಬ್ರಾ ದಾಟುವಷ್ಟರಲ್ಲಿ ಒಂದು ಆಟ ಮುಗಿಯುತ್ತಿತ್ತು. ಎಣಿಸಿದ್ದು ಕೈಗೂಡತೊಡಗಿತು. ಬೇರೆ ಟೇಬಲಿನಲ್ಲಿ ಭುಜಂಗಣ್ಣನ ಆಟ ನೋಡಿ ಮರುಳಾಗಿ ಕೂಗಿದವರಿಗೆ ಮೆಲ್ಲಗೆ, ಮುಖ ನೋಡದೆ, ಡಬಲ್ ಹೇಳಿದೆ. ಒಬ್ಬರು ಮೂರು ಕೈ ಬಿದ್ದರು, ಇನ್ನೊಬ್ಬರು ನಾಲ್ಕು. ಅಂಥ ಒಂದೊಂದು ಡಬಲಿಗೆ ನಾವು ಒಂದೊಂದು ಮೆಟ್ಟಿಲು ಮೇಲೆ. "ರಾಯರ ಸೊಸಿ ಕೈಯಾಗ ಕತ್ತಿ ಐತಿ, ಹುಷಾರು" ಅಂತ ಕುಲಕರ್ಣಿ ಮಾಸ್ತರು ಎಲ್ಲರಿಗೂ ಹೇಳಿಕೊಂಡು ಬಂದರು. ಭುಜಂಗಣ್ಣನ ವಿರುದ್ಧ ಕೂತಾಗ ಮಾತ್ರ ನನ್ನ ಎಲೆ ಚೆನ್ನಾಗಿರುತ್ತಿರಲಿಲ್ಲ, ಮಾವನ ಎಲೆ ಚೆನ್ನಾಗಿದ್ದರೂ ಅವರ ಬಾಯಿ ಏಳುತ್ತಿರಲಿಲ್ಲ. ಅವರು ಪಾಸ್ ಅಂದಾಗಲೆಲ್ಲ ನನಗೆ ಟೇಬಲ್ ಕೆಳಗಿಂದ ಅವರ ಕಾಲು ತುಳಿಯಬೇಕು ಅನಿಸುತ್ತಿತ್ತು. ತುಳಿಯಲಿಲ್ಲ, ಅದು ಮೋಸ.

ಗಣಪತಿ ಹಬ್ಬ ಕಳೆದ ಮೇಲಿನ ಭಾನುವಾರ ಕೊನೆಯ ಆಟ. ಒಂದನೇ ಜೋಡಿ ಯಾರ ಕೈಗೂ ಸಿಗದಷ್ಟು ಮುಂದಿತ್ತು. ಎರಡನೇ ಸ್ಥಾನದಲ್ಲಿ ಭುಜಂಗಣ್ಣ, ಕುಲಕರ್ಣಿ ಮಾಸ್ತರು. ಅವರ ಹಿಂದೆ ಕೂದಲೆಳೆಯಷ್ಟರಲ್ಲಿ ನಾವು. ಕೊನೆಯ ಟೇಬಲಿನಲ್ಲಿ ನಾವೂ ಅವರೂ ಎದುರಾದೆವು. ಗೆದ್ದವರು ವಾಶಿಗೆ. ಸೋತರೆ ಮಾವ ಆ ಮೂಲೆಯ ಸ್ಕೋರ್ ಟೇಬಲಿಗೆ. ಅಲ್ಲಿ ಹೊಸ ಪೆನ್ನು ಕೂಡ ಇಟ್ಟಾಗಿತ್ತು, ಹಾಳಾದವರು.

ಹೊರಗೆ ಮಳೆ ಹೊಡೆಯುತ್ತಿತ್ತು. ಕೊನೆಯ ಹಂಚಿಕೆಗೆ ಬರುವಾಗ ನಾವು ಐನೂರು ಪಾಯಿಂಟು ಹಿಂದೆ. ಎಲೆ ಹಂಚುತ್ತಿದ್ದ ಹಾಗೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಯಾರೋ ಕಿಟಕಿ ತೆರೆದರು, ಬೆಳಕಿನ ಜೊತೆ ಎಂಐಡಿಸಿಯ ಆ ದುರ್ನಾತವೂ ಒಳಗೆ ಬಂತು. ಉಳಿದ ಟೇಬಲಿನವರೆಲ್ಲ ಆಟ ಮುಗಿಸಿ ನಮ್ಮ ಸುತ್ತ ನಿಂತಿದ್ದರು.

ಮಾವ ಒಂದು ಇಸ್ಪೀಟು ಕೂಗಿದರು. ಭುಜಂಗಣ್ಣ ಎರಡು ಡೈಮಂಡು. ನನ್ನ ಕೈಯಲ್ಲಿ ಇಸ್ಪೀಟಿನ ರಾಜನ ಸಮೇತ ನಾಲ್ಕು, ಆಟಿನ್‌ನಲ್ಲಿ ಎಕ್ಕ ಮತ್ತು ರಾಣಿ. ನಾಲ್ಕು ಇಸ್ಪೀಟು ಅಂದೆ. ಹತ್ತು ಕೈ ಗೆದ್ದರೆ ಸಾಕು, ವಾಶಿ ನಮ್ಮದು. ಮಾಸ್ತರು ಪಾಸ್, ಮಾವ ಪಾಸ್. ಭುಜಂಗಣ್ಣ ಗೋಳಿಬಜೆ ಬಾಯಿಗೆ ಹಾಕಿ, ಎಲ್ಲರಿಗೂ ಗೊತ್ತಿದ್ದದ್ದನ್ನೇ ಮಾಡಿದರು. "ಐದು ಡೈಮಂಡು."

ನನ್ನ ಸರದಿ. ಡಬಲ್ ಅನ್ನುವ ಶಬ್ದ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎಣಿಸಿದೆ. ಡೈಮಂಡು ನನ್ನಲ್ಲಿ ಒಂದೇ ಒಂದು, ಅದೂ ಎಂಟು. ನನ್ನಿಂದ ಎರಡು ಕೈ ಖಂಡಿತ ಕಾಣುತ್ತಿತ್ತು, ಉಳಿದದ್ದು ಕಾಣುತ್ತಿರಲಿಲ್ಲ. ಐದು ಇಸ್ಪೀಟು ಕೂಗಿದರೆ ಹನ್ನೊಂದು ಕೈ ಬೇಕು, ಅದು ಅನುಮಾನ. ಭುಜಂಗಣ್ಣನಿಗೆ ಬೇಕಾದದ್ದೂ ಅದೇ. ಡಬಲ್ ಹೇಳಬೇಕಾದವರು, ಕಂಡವರು, ನನ್ನ ಎದುರಿಗೆ ಕೂತಿದ್ದರು. ಹೇಳದಿದ್ದರೆ ಚಿಲ್ಲರೆ ದಂಡ ಸಿಕ್ಕಿ ನಮ್ಮ ಕತೆ ಮುಗಿಯುತ್ತದೆ. ಅಷ್ಟು ವರ್ಷದ ಸಿಟ್ಟನ್ನೆಲ್ಲ ನುಂಗಿ ನಾನು ಹೇಳಿದೆ: "ಪಾಸ್."

ಸುತ್ತ ನಿಂತವರಲ್ಲಿ ಯಾರೋ ಲೊಚಗುಟ್ಟಿದರು. ಮಾಸ್ತರು ಪಾಸ್. ಈಗ ಮಾವ.

ಮಾವ ತಮ್ಮ ಎಲೆಗಳನ್ನು ಒಟ್ಟು ಮಾಡಿ, ಮತ್ತೆ ಬಿಡಿಸಿ ನೋಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಭುಜಂಗಣ್ಣ ಆಗಲೇ ತಟ್ಟೆಯನ್ನು ಅವರ ಕಡೆ ಸರಿಸಿ, "ತಗೊಳ್ಳಿ ರಾಯರೇ, ಬಿಸಿ ಉಂಟು" ಅಂದರು. ಮಾವ ತಟ್ಟೆಯನ್ನು ನೋಡಿದರು. ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ವಾಪಸು ದೂಡಿದರು.

"ಡಬಲ್."

ಸ್ವರ ಅಷ್ಟು ಸಣ್ಣದಾಗಿತ್ತು, ಮಳೆಯಲ್ಲಿ ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ. ಭುಜಂಗಣ್ಣ ಅಗಿಯುವುದನ್ನು ನಿಲ್ಲಿಸಿದರು. "ಎಂತದು ರಾಯರೇ? ಕೇಳಲಿಲ್ಲ."

ಮಾವ ತಲೆ ಎತ್ತಿದರು. "ಡಬಲ್ ಅಂದೆ, ಭುಜಂಗ."

ಧಣಿ ಇಲ್ಲ, ಅಣ್ಣ ಇಲ್ಲ. ಬರೀ ಭುಜಂಗ. ಕುಲಕರ್ಣಿ ಮಾಸ್ತರು ತಮ್ಮ ಜೋಡಿಯ ಮುಖವನ್ನೂ ಮಾವನ ಮುಖವನ್ನೂ ನೋಡಿ, "ಸತ್ವಿ ಬಿಡ್ರಿ, ರಾಯರು ಬಾಯಿ ಬಿಟ್ರು" ಅಂದರು.

ಮೊದಲ ಎಲೆ ನಾನು ಇಟ್ಟೆ, ಇಸ್ಪೀಟಿನ ಮೂರು. ಮಾವ ಗೆದ್ದು, ಆಟಿನ್‌ನ ಒಂದು ಸಣ್ಣ ಎಲೆಯನ್ನು ನನ್ನ ಕಡೆಗೆ ಬಿಟ್ಟರು. ನಡುವೆ ಭುಜಂಗಣ್ಣ ರಾಜನನ್ನು ಹಾಕಿದರು, ನನ್ನ ಎಕ್ಕ ಅದನ್ನು ನುಂಗಿತು. ಹಿಂದೆಯೇ ನನ್ನ ರಾಣಿ. ಮೂರನೇ ಆಟಿನ್ ಇಟ್ಟಾಗ ಮಾವನ ಹತ್ತಿರ ಆಟಿನ್ ಮುಗಿದಿತ್ತು, ತುರುಪಿನ ನಾಲ್ಕರಿಂದ ಹೊಡೆದರು. ಅಷ್ಟು ಸಣ್ಣ ಎಲೆ, ಅಷ್ಟು ದೊಡ್ಡ ಶಬ್ದ. ತುರುಪಿನ ಎಕ್ಕವೂ ಅವರದ್ದೇ, ಕಳಾವರ್ ರಾಜನೂ ಅವರದ್ದೇ. ಹನ್ನೊಂದು ಕೈ ಮಾಡುತ್ತೇನೆ ಅಂದ ಭುಜಂಗಣ್ಣ ಏಳಕ್ಕೆ ನಿಂತರು. ನಾಲ್ಕು ಕೈ ಕಮ್ಮಿ. ಡಬಲ್ ಇಲ್ಲದಿದ್ದರೆ ನಾನೂರು ಆಗುತ್ತಿದ್ದ ದಂಡ ಸಾವಿರದ ನೂರು. ನಮ್ಮ ನಾಲ್ಕು ಇಸ್ಪೀಟು ಗೆದ್ದಿದ್ದರೂ ಅದರ ಹತ್ತಿರ ಬರುತ್ತಿರಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮವರಿಗೆ ಅದಕ್ಕೂ ದಾಕ್ಷಿಣ್ಯ. ಕುಲಕರ್ಣಿ ಮಾಸ್ತರು ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟು, "ತಂಗಿ, ಆ ಪಾಸ್ ಹೇಳಿದ್ಯಲ್ಲ, ಅದು ಆಟ" ಅಂದರು. ಭುಜಂಗಣ್ಣ ಕೆಂಪಾಗಿ, ಎಲೆಗಳನ್ನು ತಿರುತಿರುಗಿ ನೋಡುತ್ತ ಕೂತಿದ್ದರು. ಆಮೇಲೆ ಗೋಳಿಬಜೆಯ ಡಬ್ಬಕ್ಕೆ ಮುಚ್ಚಳ ಹಾಕಿ ಎದ್ದರು. ಮಾವ ಹೇಳಿದರು, "ಕೂತುಕೋ. ಈಗ ಕೊಡು, ಈಗ ತಿನ್ನುತ್ತೇನೆ." ಎರಡು ತಿಂದರು, ಚಟ್ನಿ ಅದ್ದಿ, ನಿಧಾನವಾಗಿ. ಇಷ್ಟು ವರ್ಷದಲ್ಲಿ ಅವರಿಗೆ ಅದರ ರುಚಿ ಹತ್ತಿದ್ದು ಅವತ್ತೇ ಇರಬೇಕು.

ಮನೆಯಲ್ಲಿ ಮಗಳು ಬಾಗಿಲಲ್ಲೇ ನಿಂತಿದ್ದಳು. "ಆಜೋಬಾ, ಜಿಂಕ್ಲಾತ್ ಕಾ?" ಅಜ್ಜ, ಗೆದ್ದಿರಾ ಅಂತ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. ಮಾವ ಸೀದಾ ಅಡುಗೆ ಮನೆಗೆ ಹೋದರು. ಒಳಗಿನಿಂದ ಅತ್ತೆ ನಗುವುದು ಕೇಳಿಸಿತು. ಅತ್ತೆ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ವಾಶಿಗೆ ನಮ್ಮನ್ನು ಕರೆದುಕೊಂಡು ಹೋದದ್ದು ಭುಜಂಗಣ್ಣನೇ, ತಮ್ಮ ಕಾರಿನಲ್ಲಿ. ಅಲ್ಲಿ ಎರಡನೆಯವರಾಗಿ ಬಂದೆವು. ಸಿಕ್ಕಿದ ಕಪ್ಪಿನಲ್ಲಿ ಅತ್ತೆ ಇವತ್ತಿಗೂ ಸಾಸಿವೆ ತುಂಬಿಡುತ್ತಾರೆ. ಮರುವರ್ಷ ಆ ಹಾಲಿನಲ್ಲಿ ಇನ್ನಿಬ್ಬರು ಹೆಂಗಸರು ಕುರ್ಚಿ ಎಳೆದು ಕೂತರು, ಯಾರೂ ರಮ್ಮಿಯ ಮಾತು ಎತ್ತಲಿಲ್ಲ. ಸ್ಕೋರ್ ಬರೆಯುವ ಕೆಲಸವನ್ನು ಸರದಿಯಂತೆ ಹಂಚಿದರು.

ಹೋದ ತಿಂಗಳ ಮದುವೆಯಲ್ಲಿ ಭುಜಂಗಣ್ಣ ಮುಂದಿನ ಸಾಲಿನಲ್ಲೇ ಇದ್ದರು. ಕೈಯಲ್ಲಿ ಕೋಲು, ಉಂಗುರಗಳು ಬೆರಳಲ್ಲಿ ಸಡಿಲ. ನನ್ನನ್ನು ನೋಡಿ ಪಕ್ಕದವರಿಗೆ ಪರಿಚಯ ಮಾಡಿಕೊಟ್ಟರು: "ಇವರ ಮಾವ ನನಗೆ ಡಬಲ್ ಹೇಳಿದ ಮೇಲೆ ನಾನು ಎಲೆ ನೋಡಿ ಕೂಗಲಿಕ್ಕೆ ಕಲಿತದ್ದು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಗೆಲ್ಲಿಸ್ತಾ ಇದ್ದರು, ನಾನು ಗೆಲ್ತಾ ಇದ್ದೇನೆ ಅಂದುಕೊಂಡಿದ್ದೆ." ಆಮೇಲೆ ನನ್ನ ಕೈ ಹಿಡಿದು, "ರಾಯರಿಗೆ ಹೇಳು ವೀಣಕ್ಕ, ಬರುವ ಭಾನುವಾರ ಐರೋಲಿಗೆ ಬರ್ತೇನೆ. ಮಾಸ್ತರರನ್ನೂ ಎಳಕೊಂಡು ಬರ್ತೇನೆ. ಈ ಸಲ ಅವರನ್ನು ಸೋಲಿಸಿಯೇ ಮನೆಗೆ ಹೋಗುವುದು" ಅಂದರು.

ಮನೆಗೆ ಬಂದು ಸೀರೆ ಬದಲಿಸುವ ಮೊದಲೇ ಮಾವನ ಹತ್ತಿರ ಹೋದೆ. ಎಂಬತ್ತು ದಾಟಿದ್ದಾರೆ, ಕಿವಿ ಮಂದ, ಎಲೆ ಹಿಡಿದ ಕೈ ಮಾತ್ರ ನಡುಗುವುದಿಲ್ಲ. ಅವರು ಮಂಚದ ಮೇಲೆ ಒಬ್ಬರೇ ಎಲೆ ಹರಡಿಕೊಂಡು ಕೂತಿದ್ದರು. ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದೆ: "ಭುಜಂಗಣ್ಣ ಭಾನುವಾರ ಬರ್ತಾರಂತೆ ಮಾವ. ನಿಮ್ಮನ್ನು ಸೋಲಿಸಿಯೇ ಹೋಗುವುದಂತೆ."

ಮಾವ ಎಲೆಗಳಿಂದ ಕಣ್ಣು ಎತ್ತಲಿಲ್ಲ.

"ಡಬಲ್" ಅಂದರು.